ಗೇಟಿನ ಬಳಿಯ ಚಹಾ ಮೇಜು

ಜುಲೈ 7, ಸೋಮವಾರ
ಕ್ಲಿನಿಕ್ ಗೇಟಿನ ಗಲಾಟೆ ಇದುವರೆಗೆ ನನಗೆ ತಂದ ಖರ್ಚು: ಹಿಟ್ಟು ಎರಡು ಮೂಟೆ, ಎಣ್ಣೆ ಒಂದು ಡಬ್ಬ, ದೊಡ್ಡ ಫ್ಲಾಸ್ಕ್ ಒಂದು. ಲಾಭ ಅದರ ಎರಡರಷ್ಟು. ಡುಮೆ ಮತ್ತು ಅವನ ಪಡೆ ಬೆಳಿಗ್ಗೆ ಆರಕ್ಕೇ ಗೇಟಿಗೆ ಅಡ್ಡ ನಿಲ್ಲುತ್ತಾರೆ. ನಮ್ಮ ಟೆಂಬಿಸಾದಲ್ಲಿ ಜುಲೈ ಎಂದರೆ ಕಡುಚಳಿ, ಖಾಲಿ ಹೊಟ್ಟೆ ಬೇರೆ... ಕರಿದ ಬನ್ನು ಹತ್ತು ಗಂಟೆಗೆಲ್ಲ ಖಾಲಿ. ಈ ದೇಶದ ಐಡಿ ತೋರಿಸದವರನ್ನು ಒಳಗೆ ಬಿಡುವುದಿಲ್ಲ. ಪರದೇಶದವರಿಂದಲೇ ಔಷಧಿ ಮುಗಿಯುತ್ತದಂತೆ. ತಲೆಯಾಡಿಸಿದೆ. ಅವರು ಬರುವ ಮೊದಲೂ ಔಷಧಿ ಇರುತ್ತಿರಲಿಲ್ಲ — ಅದನ್ನು ಹೇಳಲಿಲ್ಲ.

ಜುಲೈ 9
ಹಿತ್ತಿಲ ಕೋಣೆಯ ಬಾಡಿಗೆಯವಳು ತದಾಲಾ. ಮಲಾವಿ ದೇಶದವಳು. ದಿನ ತುಂಬಿದೆ. ಮನೆಯಲ್ಲೇ ಹೆತ್ತು ಮೊದಲ ಮಗುವನ್ನು ಕಳೆದುಕೊಂಡವಳು. ತಾನೂ ಉಳಿದದ್ದು ಹೆಚ್ಚು. ಅವಳ ಗಂಡ ತೋಟದ ಕೆಲಸ ಮಾಡುವ ಮನೆಯ ಬಿಳಿ ಮೇಡಂಗೆ ಫೋನ್ ಮಾಡಿ, ನೋವು ಬಂದಾಗ ಕಾರು ಕೊಡುತ್ತೀರಾ ಎಂದು ಕೇಳಿದೆ.
"ಮಲಾವಿಯವರು ಎಷ್ಟು ವಿನಯವಂತರು ಗೊತ್ತಾ! ಇಲ್ಲಿಯವರ ಥರ ಅಲ್ಲ," ಎಂದಳು. ಕಾರು ರಿಪೇರಿಗೆ ಹೋಗಿದೆಯಂತೆ.
ಇಲ್ಲಿಯವರು ಎಂದರೆ ನಾನು.

ಜುಲೈ 10
ತದಾಲಾಗೆ ನನ್ನ ಏಪ್ರನ್ ಕಟ್ಟಿ ಮೇಜಿನ ಹಿಂದೆ ನಿಲ್ಲಿಸಿದೆ. ನೋವು ಶುರುವಾದಾಗ ಗೇಟಿನ ಪಕ್ಕದಲ್ಲೇ ಇರಲಿ, ಮುಖ ಎಲ್ಲರಿಗೂ ಪರಿಚಯವಾಗಿರಲಿ.
"ಯಾರಿವಳು, ಮಾ ಸಿಬೆಕೊ?" — ಡುಮೆ.
"ನನ್ನ ತಂಗೀನ ದೂರದ ಗಿಯಾನಿಗೆ ಕೊಟ್ಟಿದ್ವಲ್ಲ, ಅವಳ ಮಗಳು. ಅಲ್ಲಿ ಮಾತೇ ಬೇರೆ, ನಮ್ಮ ಜುಲು ಬರಲ್ಲ."
"ಮಾತಾಡದ ಹೆಂಗಸಾ? ನಂಗೇ ಕಟ್ಟಿಬಿಡು!"
"ಹೊಟ್ಟೆ ಕಾಣಲ್ವೇನೋ ಕುರುಡ? ಮೊದ್ಲು ನಿನ್ನೆ ಚಹಾದ ದುಡ್ಡು ಎಣಿಸು."
ನಕ್ಕರು. ಐಡಿ ಕೇಳಲಿಲ್ಲ. ಮಧ್ಯಾಹ್ನ ನರ್ಸುಗಳಿಗೆ ಚಹಾ ಕೊಡಲು ಅವಳನ್ನೇ ಕಳಿಸಿದೆ. ಗೇಟು ತೆರೆದದ್ದು ಡುಮೆ.

ಜುಲೈ 15
ಬರೆಯಲು ಮನಸ್ಸಾಗಿರಲಿಲ್ಲ. ಶುಕ್ರವಾರ ಒಬ್ಬಳನ್ನು ವಾಪಸ್ ಕಳಿಸಿದರು. ಬೆನ್ನಿಗೆ ಕಟ್ಟಿದ ಮಗುವಿಗೆ ಜ್ವರ. ಅವಳ ಮಾತು ತದಾಲಾಳ ಊರಿನದು. ತದಾಲಾ ನನ್ನ ಮುಖ ನೋಡಿದಳು. ನಾನು ಚಹಾ ಸೋಸುತ್ತಲೇ ಇದ್ದೆ.

ಜುಲೈ 16, ಬೆಳಿಗ್ಗೆ
ತದಾಲಾ ಮೇಜಿನ ಅಂಚು ಹಿಡಿದು ಬಗ್ಗಿದಳು. ನೀರಿನ ಚೀಲ ಒಡೆಯಿತು. ಏನು ಸುಳ್ಳು ಹೇಳಲಿ ಎಂದು ನಾನು ಹುಡುಕುವಷ್ಟರಲ್ಲಿ ಡುಮೆಯೇ ಓಡಿಬಂದ.
"ದಾರಿ ಬಿಡ್ರೋ! ಕಂಬದ ಥರ ನಿಂತಿದೀರಲ್ಲ! ನಮ್ಮ ಹುಡುಗಿ!"
ತೋಳು ಹಿಡಿದು ಹೆರಿಗೆ ಕೋಣೆಯ ಬಾಗಿಲವರೆಗೂ ನಡೆಸಿದ.

ಜುಲೈ 18
ಗೇಟಿನವರೆಲ್ಲ ಚಂದಾ ಎತ್ತಿ ಮಗುವಿಗೆ ಹಳದಿ ಕಂಬಳಿ ತಂದಿದ್ದಾರೆ.
"ಅವಳನ್ನ ಬೇಗ ಕೆಲಸಕ್ಕೆ ಕಳ್ಸು, ಮಾ. ಚಹಾಕ್ಕೆ ಸಕ್ಕರೆ ಹಾಕೋದು ನಿಂಗೆ ಇನ್ನೂ ಬಂದಿಲ್ಲ," ಎಂದ ಡುಮೆ.
ಯಾರು ಕೊಟ್ಟಿದ್ದೆಂದು ತದಾಲಾ ಕೇಳಿದಳು. ಹೇಳಿದೆ. ಮಡಿಸಿ ಮಂಚದ ಕಾಲ ಬಳಿ ಇಟ್ಟಳು. ಸಂಜೆ ಚಳಿ ಏರಿತು. ಎತ್ತಿ ಮಗುವಿಗೆ ಹೊದಿಸಿದಳು.
ಇರಲಿ, ಲೆಕ್ಕ. ತದಾಲಾಗೆ — ಹೆಣ್ಣು ಮಗು, ಗಟ್ಟಿ ಗಂಟಲು. ನರ್ಸುಗಳಿಗೆ — ಪುಕ್ಕಟೆ ಚಹಾ. ಮೇಡಂಗೆ — ರಜೆ ಕೇಳದ ತೋಟದವನು. ಡುಮೆಗೆ — ಹೊರಗಿನವರು ಒಬ್ಬರೂ ಒಳಗೆ ಹೋಗಲಿಲ್ಲವೆಂಬ ನೆಮ್ಮದಿ. ಜ್ವರದ ಮಗುವಿಗೆ — ತಿಳಿಯದು. ಯಾರನ್ನು ಕೇಳುವುದು? ನನಗೆ — ಗೇಟಿನ ಬಳಿಯ ಜಾಗ ಉಳಿಯಿತು, ಮತ್ತೆ ಚಹಾ ಸೋಸುವಾಗೆಲ್ಲ ಕಣ್ಣಿಗೆ ಬರುವ, ಬೆನ್ನಿಗೆ ಕಟ್ಟಿದ ಆ ಮಗು.