ಸೊಟ್ಟ ಕೂತ ನಳಿಗೆ

ಮೋರಟಗಿ
3-11-1974

ಚಿ. ಸೌ. ಇಂದುಬಾಯಿಗೆ ನಿನ್ನ ಅಪ್ಪನ ಆಶೀರ್ವಾದ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿಗೇ ಬರೆಯುವುದು ರೂಢಿ. ಈ ಸಲ ಪೂರ್ತಿ ಓದಿ ನೀನೇ ಹೇಳು. ನಿನ್ನ ಶಿಕ್ಷಕರ ಟ್ರೇನಿಂಗ್ ಹೇಗೆ ನಡೆದಿದೆ? ಮುದ್ದೇಬಿಹಾಳದ ಹಾಸ್ಟೆಲ್ಲಿನ ಊಟ ಸುಧಾರಿಸಿತೇ? ಈ ಪತ್ರವನ್ನು ಓದಿದ ಮೇಲೆ ಹರಿದುಬಿಡು. ದೀಪಾವಳಿಗೆ ನಿನ್ನನ್ನು ಕರೆಯಲು ನಿನ್ನ ಗಂಡ ಶ್ರೀಶೈಲಪ್ಪನವರು ಬಂದಾಗ ಅವರ ಕಣ್ಣಿಗೆ ಬೀಳಬಾರದು.

ನಮ್ಮ ರೈಫಲ್ಲಿನ ನಳಿಗೆ ಒಳಗೆಲ್ಲ ತುಕ್ಕು ತಿಂದಿತ್ತಲ್ಲ, ಹೊಸದು ಹಾಕಿಸಲು ಪರವಾನಿಗೆ ಸಿಕ್ಕಿತು. "ಮಾವಾರ, ಈ ವಯಸ್ಸಿನ್ಯಾಗ ನೀವ್ಯಾಕ ಓಡಾಡತೀರಿ, ಲೈಸನ್ಸಿನ್ಯಾಗ ನನ್ನ ಹೆಸರೂ ಐತಿ, ನಾನ ಸೊಲ್ಲಾಪುರಕ್ಕ ಒಯ್ದು ಮಾಡಿಸ್ಕೊಂಡ ಬರ್ತೇನಿ" ಎಂದು ಶ್ರೀಶೈಲಪ್ಪನವರು ತಾವಾಗಿಯೇ ಮುಂದೆ ಬಂದರು. ಮನೆ ಅಳಿಯನಾಗಿ ಬಂದ ಮೇಲೆ ಒಂದು ಕೊಡ ನೀರು ಎತ್ತಿಡದವರಿಗೆ ಇಷ್ಟು ಉಮೇದಿ ಎಲ್ಲಿಂದ ಬಂತು? ಅಂದೇ ನನ್ನ ತಲೆಗೆ ಹುಳ ಹೊಕ್ಕಿತು.

ದಸರೆಯ ಮುಂದೆ ಬಂದೂಕು ಬಂತು. ನಳಿಗೆ ಫಳಫಳ ಹೊಳೆಯುತ್ತಿತ್ತು. ಆದರೆ ಅದು ಕೂಡುವ ಜಾಗದಲ್ಲಿ ತಿರುಪು ಬಿಚ್ಚುವ ಪಾನೆಯ ಗೀರು, ಗೀರಿನ ಮೇಲೆ ಹಸಿ ಕರಿಬಣ್ಣ. ಯಾರಿಗೂ ಹೇಳದೆ ಸಿಂದಗಿಯ ಲೇಥ್ ಮಿಸ್ತ್ರಿ ಜೈನುದ್ದೀನನ ಹತ್ತಿರ ಒಯ್ದೆ. ಫೌಜಿನ ವರ್ಕ್‌ಶಾಪಿನಲ್ಲಿ ಬಂದೂಕು ಬಿಚ್ಚಿ ಜೋಡಿಸಿದವನು. ಅವನು ಸ್ವಲ್ಪ ತಿರುವಿದ್ದೇ ತಡ, ನಳಿಗೆ ಸಲೀಸಾಗಿ ಕೈಗೆ ಬಂತು.

"ಗೌಡ್ರ, ಹಳೇ ನಳಗಿ ಬಿಗದ ಕೂತಿತ್ತು. ಜಬರದಸ್ತಿ ತಿರುವಿ ಒಳಗಿನ ತಿರುಪಿನ ಥ್ರೆಡ್ ತಿಂದಾರ. ಹೊಸಾದು ಸೊಟ್ಟ ಹತ್ತೇತಿ, ಸಂದಿನ್ಯಾಗ ಸೀಸ ತುಂಬಿ ಮುಚ್ಚ್ಯಾರ. ಹಾರಿಸಿದ್ರ ನಿಮ್ಮ ಮಾರೀನ ಹೋಗತಿತ್ತು" ಎಂದ.

"ಥ್ರೆಡ್ ಮತ್ತ ಹೊಡಿಯಾಕ ಬರಂಗಿಲ್ಲೇನು?"

"ಕಡದು ದೊಡ್ಡದು ಮಾಡಬೇಕಾಗತೈತ್ರಿ. ಉಳದ ಕಬ್ಬಿಣ ತೆಳ್ಳಗಾಗಿ ತಡಿಯಂಗಿಲ್ಲ. ನಾ ಕೈ ಹಚ್ಚಂಗಿಲ್ಲ."

ಇದ್ದ ಹಾಗೆಯೇ ಕೂಡಿಸಿಕೊಂಡು ಬಂದೆ. ದಸರೆಯ ಖಂಡೆಪೂಜೆಯ ಸಂಜೆ ಬಂದೂಕು ಹಾರಿಸುವವನು ನಾನು, ಇದು ಊರಿಗೇ ಗೊತ್ತು. ನಾನು ಹೋದರೆ ಹೊಲ ಯಾರ ಕೈಗೆ ಎಂಬುದೂ ಗೊತ್ತು. ನಿನ್ನ ಗಂಡನ ಬಗ್ಗೆ ಹೀಗೆ ಬರೆಯಬೇಕಾಯಿತು, ಮಗಳೇ. ನಿಮ್ಮವ್ವನಿಗೆ ಮಾತ್ರ ಹೇಳಿದೆ. "ಅಂಗಡಿಯಾಂವ ಕೆಡಿಸಿದ್ರ ಅಳಿಯಾರೇನ ಮಾಡ್ಯಾರು? ಅವರನ್ನ ಕೇಳೇರ ನೋಡ್ರಿ" ಎಂದಳು. ಕೇಳಿದರೆ ಕಳ್ಳ ಹೌದೆನ್ನುತ್ತಾನೆಯೇ?

ಪೂಜೆಯ ಬೆಳಿಗ್ಗೆ ನಿನ್ನ ಗಂಡನ ಎದುರಿಗೇ ಗುಂಡು ತುಂಬಿ ದೇವರ ಜಗಲಿಯ ಮೇಲಿಟ್ಟೆ. ಮಧ್ಯಾಹ್ನ ಸದ್ದಿಲ್ಲದೆ ಗುಂಡು ತೆಗೆದುಬಿಡುವುದು, ಸಂಜೆ ಅವರ ಕೈಗೇ ಬಂದೂಕು ಕೊಡುವುದು ನನ್ನ ಹಂಚಿಕೆ; ಅದನ್ನೂ ನಿಮ್ಮವ್ವನಿಗೆ ಹೇಳಿದ್ದೆ. ಒಳಗಿನ ಸಂಗತಿ ಗೊತ್ತಿದ್ದವನು ಹಿಂಜರಿಯಲೇಬೇಕು.

ಸಂಜೆ ಮಂದಿಯ ಮುಂದೆ, "ಈ ಸಲ ನೀವ ಹಾರಸ್ರಿ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೇನೋ ಎಂದು ಕಾದೆ. ಅವರ ಮುಖ ಅರಳಿತು. "ಖರೇನ ಏನ್ರಿ ಮಾವಾರ?" ಎಂದು ನನ್ನ ಕಾಲು ಮುಟ್ಟಿ, ಬಂದೂಕನ್ನು ಗಲ್ಲಕ್ಕೆ ಆನಿಸಿ, ಒತ್ತಿಯೇಬಿಟ್ಟರು. ಟಕ್ ಎಂದಿತು ಅಷ್ಟೆ. ಖಾಲಿ ಇತ್ತು. ಮಂದಿ ನಕ್ಕರು, ಅವರೂ ನಕ್ಕರು.

ಪಾಪ, ಅವರಿಗೇನೂ ಗೊತ್ತಿರಲಿಲ್ಲ. ಅಥವಾ ಖಾಲಿ ಇದೆ ಎಂದು ಯಾರಾದರೂ ಕಿವಿ ಊದಿದ್ದರೇ? ನೋಡು, ನನ್ನ ಬುದ್ಧಿ ಇನ್ನೂ ಅಲ್ಲಿಯೇ ಸುತ್ತುತ್ತದೆ. ಬಂದೂಕನ್ನು ಠಾಣೆಗೆ ಒಪ್ಪಿಸುತ್ತೇನೆ, ಮನೆಯಲ್ಲಿ ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಸಂಸಾರವನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಬಸಂತರಾಯ

ತಾ.ಕ.: ಗುಂಡು ತೆಗೆದದ್ದು ನಾನಲ್ಲ. ಎಲ್ಲರೂ ಊಟಕ್ಕೆ ಕೂತಾಗ ತೆಗೆಯಲು ಹೋದೆ, ಆಗಲೇ ಇರಲಿಲ್ಲ. ನಿಮ್ಮವ್ವ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಯಾಕೆಂದು ಕೇಳಿದೆ. "ನೀವು ತಗೀತೀರಿ ಅನ್ನೂ ಭರೋಸ ನನಗಿರಲಿಲ್ಲ" ಎಂದಳು. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ನಾನು ತೆಗೆಯಲಿಕ್ಕೇ ಹೋಗಿದ್ದೆ, ಮಗಳೇ. ನೀನಾದರೂ ನಂಬುತ್ತೀ ತಾನೇ?