ಬಚ್ಚಿಟ್ಟ ರಾಣಿ ಗೊಂಬೆ

ಕವಾಜು, ಮಾರ್ಚ್ ೪

ಅಕ್ಕಾ,

ಹೊಳೆ ದಂಡೆಯ ಚೆರ್ರಿ ಹೂವು ಆಗಲೇ ಉದುರಿ ಚಪ್ಪಲಿಗೆ ಅಂಟುತ್ತಿದೆ. ಹೆಣ್ಣುಮಕ್ಕಳ ಗೊಂಬೆ ಹಬ್ಬ ನಿನ್ನೆಗೆ ಮುಗಿಯಿತಲ್ಲ, ಬೆಳಿಗ್ಗೆ ನಾನು ಇಳಿದುಕೊಂಡಿರುವ ಮನೆಯ ಯಜಮಾನಿ ಮಗಳನ್ನು ಗದರುತ್ತಿದ್ದಳು: "ಗೊಂಬೆ ಎತ್ತಿಡೇ, ತಡ ಮಾಡಿದ್ರೆ ನಿನ್ನ ಮದುವೇನೂ ತಡ ಆಗುತ್ತೆ."

ಮಗಳಿಗೆ ನಲವತ್ತಾದರೂ ಆಗಿರಬೇಕು. "ಇನ್ನೆರಡು ದಿನ ಕೂತಿರ್ಲಿ ಬಿಡಮ್ಮ. ಅವಕ್ಕೂ ಅವಸರ ಇಲ್ಲ, ನನಗೂ ಇಲ್ಲ" ಅಂದಳು.

ನನ್ನ ಮಂಡಿ ಪರವಾಗಿಲ್ಲ. ನಿನಗೆ ಒಣಮೀನು ಕೊಂಡಿದ್ದೇನೆ.

ಕಾರ್ಡಿನಲ್ಲಿ ಜಾಗ ಮುಗಿಯುವ ಮುಂಚೆ ಒಂದು ಮಾತು. ನಿನ್ನ ಮದುವೆ ಗೊತ್ತಾದ ವರ್ಷ ನಮ್ಮ ರಾಣಿ ಗೊಂಬೆ ಕಾಣೆಯಾಗಿ, ಅಮ್ಮ ಬೆಕ್ಕಿಗೆ ಬೈದಿದ್ದಳಲ್ಲ? ಅದನ್ನು ಎತ್ತಿಡಲು ಬಿಡದೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟವಳು ನಾನು. ತಿಂಗಳಿಡೀ ಅಲ್ಲೇ ಇತ್ತು. ಆದರೂ ನೀನು ಏಪ್ರಿಲ್‌ನಲ್ಲೇ ಮದುವೆಯಾಗಿ ಹೊರಟುಹೋದೆ.

ಸುಮಿಯೆ