ಹಾಸನದ ಎರಡು ಗೋಲು

22 ನವೆಂಬರ್ 1993, ಸೋಮವಾರ, ಸಂಜೆ

ಇವತ್ತೂ ಕಣ ಖಾಲಿಯಾದದ್ದು ಐದೂಕಾಲಿಗೆ. ಒಣಗಲು ಹರವಿದ ಕಾಫಿ ಗುಡ್ಡೆ ಮಾಡಿ, ಟಾರ್ಪಾಲ್ ಹೊದೆಸಿ, ಅಪ್ಪ "ಹೂಂ, ಇನ್ನು ಕುಣೀರಿ" ಎಂದ ಮೇಲೆಯೇ ಚೆಂಡು ಹೊರಗೆ. ಆಡಿದ್ದು ಅರ್ಧ ಗಂಟೆ. ಕೆಳಗಿನ ತೋಟಕ್ಕೆ ಉರುಳಿದ ಚೆಂಡು ಹುಡುಕಿದ್ದು ಕಾಲು ಗಂಟೆ. ಗೋಣಿಬೀಡಿನಲ್ಲಿ ಇದಕ್ಕಿಂತ ಸಮತಟ್ಟಾದ ಜಾಗ ಬಸ್ ಸ್ಟ್ಯಾಂಡ್ ಒಂದೇ.

ಭಾಗಿ ಕೊಯ್ದ ಕಾಫಿ ಹಣ್ಣು ಅಳೆಸಿ ಬಂದಳು. ಭಾಗಮ್ಮ ಎಂದರೆ ಯಾರೋ ಮುದುಕಿ ಅನ್ನಿಸುತ್ತದೆ. ಅವಳಿಗೂ ನನ್ನಷ್ಟೇ, ಹದಿನೈದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಮ್ಮ ತೋಟದಲ್ಲೇ ಕೆಲಸ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಮಾತೇ ಇಲ್ಲದೆ ನನ್ನ ಕಾಲಿನಿಂದ ಚೆಂಡು ಕಿತ್ತುಕೊಂಡು ಹೋಗುತ್ತಾಳೆ. ಎಡಗಾಲು. ಎಲ್ಲಿ ಕಲಿತಳೋ. ಸ್ಕೂಲ್ ಫುಟ್‌ಬಾಲ್ ಟೀಮಿನಲ್ಲಿ ಫಾರ್ವರ್ಡ್ ನಾನು, ನಂಬರ್ ಒಂಬತ್ತು. ಕಣದಲ್ಲಿ ಮಾತ್ರ ಅವಳ ಎದುರು ನೆಟ್ಟ ಗಿಡದ ಹಾಗೆ ನಿಂತಿರುತ್ತೇನೆ. ಹೊಟ್ಟೆಕಿಚ್ಚಾಗುತ್ತದೆ. ಬರೆದುಬಿಟ್ಟೆ — ಯಾರು ಓದುತ್ತಾರೆ.

ಡಿಸೆಂಬರ್ ಆರಕ್ಕೆ ಹಾಸನದಲ್ಲಿ ಝೋನಲ್ಸ್.

2 ಡಿಸೆಂಬರ್

ಜ್ವರ. ಬೆನ್ನ ಮೇಲೆ ನೀರುಗುಳ್ಳೆ. ಡಾಕ್ಟರರ ಬಾಯಲ್ಲಿ ಚಿಕನ್‌ಪಾಕ್ಸ್. ಪಾಪಮ್ಮಜ್ಜಿ ಆ ಹೆಸರು ಎತ್ತಲೂ ಬಿಡುವುದಿಲ್ಲ. "ಅಮ್ಮ ಮನೆಗೆ ಬಂದವ್ರೆ. ಸುಮ್ನೆ ಮಲಗು." ಬಾಗಿಲಿಗೆ ಬೇವಿನ ಸೊಪ್ಪು. ಒಗ್ಗರಣೆ ಇಲ್ಲ, ತಲೆ ಬಾಚುವಂತಿಲ್ಲ, ಮನೆಯ ಬಟ್ಟೆ ಹೊರಗೆ ಹೋಗುವಂತಿಲ್ಲ. ಗುಳ್ಳೆ ಒಣಗಿ ಮೂರು ಸಲ ತಲೆಗೆ ನೀರು ಹಾಕುವವರೆಗೆ ನಾನಂತೂ ಹೊಸಿಲು ದಾಟುವಂತಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆ. ಅತ್ತರೆ ಅಮ್ಮನಿಗೆ ಸಿಟ್ಟು ಬರುತ್ತದಂತೆ, ಅದಕ್ಕೂ ಬೈಸಿಕೊಂಡೆ.

4 ಡಿಸೆಂಬರ್, ಮಧ್ಯಾಹ್ನ

ಪಿ.ಟಿ. ಮೇಷ್ಟ್ರು ಬಂದಿದ್ದರು. ವಿಷ್ಣುಮೂರ್ತಿ ಸರ್ ಮಡಿಯ ಮನೆಯವರು, ಅಂಗಳಕ್ಕೂ ಬರಲಿಲ್ಲ. ಬೇಲಿಯ ತಡಮೆಯ ಆಚೆ ನಿಂತು ಕೂಗಿದರು, "ಹತ್ತೇ ಜನ ಆದ್ವಲ್ಲ ಮಾರಾಯ್ತಿ. ಬದಲಿಗೆ ಯಾರೂ ಇಲ್ಲ. ಆಡದೇ ವಾಪಸ್ ಬರ್ಬೇಕು."

ನಾನು ಕಿಟಕಿಯಿಂದ ಹೇಳಿದೆ. ನಾನೇ. ಇದನ್ನು ನೆನಪಿಟ್ಟುಕೊಳ್ಳಬೇಕು, ಬೇರೆ ಯಾರೂ ಹೇಳಲಿಲ್ಲ.

"ಭಾಗೀನ ಕರ್ಕೊಂಡು ಹೋಗಿ ಸರ್. ನನ್ನ ಹೆಸರಲ್ಲಿ."

ಸರ್ ತಲೆ ಕೆರೆದುಕೊಂಡರು. ಹೆಡ್‌ಮಾಸ್ಟರ್ ಸೀಲ್ ಬಿದ್ದ ಪಟ್ಟಿಯಲ್ಲಿ ಹೆಸರಷ್ಟೇ ಇರುವುದು, ಫೋಟೋ ಇಲ್ಲ. ಶಾಂತಕುಮಾರಿ, ಒಂಬತ್ತನೇ ತರಗತಿ. ಅಪ್ಪ, "ಕುಯ್ಲಿನ ಹೊತ್ತಲ್ಲಿ ಒಂದಾಳು ಕಮ್ಮಿ" ಎಂದು ಗೊಣಗಿದರೂ ಬಿಟ್ಟರು. ನನ್ನ ಜರ್ಸಿ ಕೊಡಲು ಅಜ್ಜಿ ಬಿಡಲಿಲ್ಲ. ಸರ್ ಯಾವುದೋ ಶರ್ಟಿಗೆ ಇಂಕಿನಲ್ಲಿ ಒಂಬತ್ತು ಬರೆಯುತ್ತಾರಂತೆ.

7 ಡಿಸೆಂಬರ್

ಭಾಗಿ ಕುಕ್ಕೆ ಸೊಂಟಕ್ಕೆ ಕಟ್ಟಿಕೊಂಡೇ ಕಿಟಕಿಯ ಹತ್ತಿರ ಬಂದಳು.

"ಸೋತ್ವು ಸಣ್ಣಮ್ಮೋರೆ. ಮೂರು-ಎರಡು."

"ಎರಡು ಯಾರು ಹೊಡೆದ್ರು?"

"ನೀವೇ," ಎಂದು ನಕ್ಕಳು. "ಶಾಂತಕುಮಾರಿ ಅಂತ ಮೈಕಲ್ಲಿ ಕೂಗಿದ್ರು. ನಾನು ಯಾರನ್ನೋ ಅಂದ್ಕಂಡು ಹಿಂದೆ ತಿರುಗಿ ನೋಡಿದೆ."

ಒಂದು ಗೋಲು ಅಷ್ಟು ದೂರದಿಂದಂತೆ. ನಮ್ಮ ಕಣದಲ್ಲಿ ಅಲ್ಲಿಂದ ಹೊಡೆದರೆ ಚೆಂಡು ನೇರ ಹಳ್ಳಕ್ಕೆ ಹೋಗುತ್ತಿತ್ತು ಎಂದಳು. ಮೇಸ್ತ್ರಿ ಕೂಗಿದ, ಓಡಿದಳು. ಅಂಗೈ ತುಂಬ ಹಣ್ಣಿನ ಕಪ್ಪು ಕಲೆ, ಒಂದೇ ದಿನದ ರಜಕ್ಕೆ ಅದೆಲ್ಲಿ ಹೋದೀತು.

19 ಜನವರಿ 1994

ಕಾಗದ ಬಂದಿದೆ. ಸ್ಟೇಟ್ ಜೂನಿಯರ್ ಕ್ಯಾಂಪ್, ಬೆಂಗಳೂರು, ಏಪ್ರಿಲ್‌ನಲ್ಲಿ. ಹಾಸನದ ಪಂದ್ಯ ನೋಡಿ ಆರಿಸಿದ್ದಾರೆ. ಕುಮಾರಿ ಶಾಂತಕುಮಾರಿ, ತಂದೆ ಚನ್ನಕೇಶವ ಗೌಡ.

ಅಪ್ಪ ಮೂರು ಸಲ ಓದಿಸಿದರು. ಅವರಿಗೆ ಭಾಗಿ ಹೋದದ್ದು ನೆನಪಿಲ್ಲವೋ, ಬೇಡವೋ. "ನಮ್ಮ ಹೆಸರಿಗೆ ಬಂದಿದೆ ತಾನೆ?" ಎಂದರು. ಅಷ್ಟೇ.

ಸರ್ ಸಂಜೆ ಬಂದರು. ಈ ಸಲ ಒಳಗೆ ಬಂದು ಕುಳಿತರು, ಕಾಫಿ ಮುಟ್ಟಲಿಲ್ಲ. "ನಿಜ ಹೇಳಿದ್ರೆ ಸ್ಕೂಲನ್ನ ಆಟದಿಂದ್ಲೇ ತೆಗೀತಾರೆ. ನನ್ನ ಕೆಲಸಾನೂ ಹೋಯ್ತು. ಶಾಲೆ ಬಿಟ್ಟವಳನ್ನ ಅವರಂತೂ ಕರೆಯಲ್ಲ. ನೀನೂ ಚೆನ್ನಾಗೇ ಆಡ್ತೀಯಲ್ಲ."

ಸರ್ ಹೇಳಿದ್ದೆಲ್ಲ ಸರಿ. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ. ನನಗೆ ಹೋಗಬೇಕಿತ್ತು.

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹತ್ತಿರ ಭಾಗಿ ಕೇಳಿದಳು, "ಎಂಥ ಕಾಗ್ದ ಸಣ್ಣಮ್ಮೋರೆ?"

"ಕ್ಯಾಂಪಿಂದು. ಹೈಸ್ಕೂಲಿನವರನ್ನ ಕರೀತಾರೆ ಹಾಗೇ."

"ಓ," ಎಂದಳು. ಮೂಟೆ ಎತ್ತಿಕೊಂಡಳು.

14 ಏಪ್ರಿಲ್ 1994, ಬೆಂಗಳೂರು, ಬೆಳಿಗ್ಗೆ

ಬೂಟು ಕಚ್ಚುತ್ತದೆ. ಹಿಮ್ಮಡಿ ಎರಡೂ ಸುಲಿದಿದೆ. ಕೋಚ್ ಮೇಡಂ ನಿನ್ನೆ ಎಲ್ಲರೆದುರು ನನ್ನನ್ನು ನಿಲ್ಲಿಸಿ ಹೇಳಿದರು, "ಹಾಸನದಲ್ಲಿ ನಾನೇ ಇದ್ದೆ. ಹದಿನೈದು ವರ್ಷದಿಂದ ಹೆಣ್ಣುಮಕ್ಕಳಿಗೆ ಆಟ ಹೇಳ್ಕೊಡ್ತಿದ್ದೀನಿ, ಅಂಥ ಎಡಗಾಲು ನೋಡಿಲ್ಲ. ಹೊಡಿ, ಇವರೂ ನೋಡ್ಲಿ."

ಹೊಡೆದೆ. ಚೆಂಡು ಗೋಲಿನಿಂದ ಎಷ್ಟೋ ದೂರ, ಮೈದಾನದ ಮೂಲೆಗೆ ಹೋಗಿ ನಿಂತಿತು. ಕಾಲು ಉಳುಕಿದೆ ಮೇಡಂ, ಎಂದೆ. ಮುಖ ಹತ್ತಿರದಿಂದ ಕಾಣಲಿಲ್ಲವಂತೆ ಅವರಿಗೆ ಆವತ್ತು — ನೋಡಿದ್ದು ಕಾಲು ಮಾತ್ರ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಗೋಡೆಗೆ ಎಡಗಾಲಲ್ಲಿ ಇನ್ನೂರು ಸಲ. ನಾಳೆಯೂ ಇನ್ನೂರು. ಬರುವವರೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಯಾರು ಕರೆದರೂ ಎಡಗಾಲು ಹಿಂದೆ ಹೋಗುತ್ತದೆ.

3 ಜೂನ್ 1995

ಬೆಂಗಳೂರಿನ ಸ್ಪೋರ್ಟ್ಸ್ ಹಾಸ್ಟೆಲಿನಿಂದ ರಜಕ್ಕೆ ಊರಿಗೆ ಬಂದೆ. ಭಾಗಿಯ ಮದುವೆ ಆಗಿಹೋಗಿದೆ, ಮೇ ತಿಂಗಳಲ್ಲಿ. ಕಳಸದ ಕಡೆ ಯಾವುದೋ ಎಸ್ಟೇಟ್, ಕೂಲಿಯವರ ಲೈನ್ ಮನೆ. ಅಜ್ಜಿ ಹೇಳಿದರು, "ಹೋಗೋವಾಗ ಕಣದ ಕಡೆ ಬಂದು ನಿಂತಿದ್ಲು. ನಿನ್ನ ಕೇಳಿದ್ಲು."

ಹೇಳುವುದಿತ್ತು. ಈ ಸಲ ಖಂಡಿತ ಹೇಳುವುದೆಂದು ಬಸ್ಸಿನಲ್ಲಿ ಮಾತು ಕೂಡ ಜೋಡಿಸಿಕೊಂಡಿದ್ದೆ. ತಪ್ಪಿತಲ್ಲ ಎಂದು ಹಾಯೆನಿಸಿತು. ಅದಕ್ಕೇ ನಾಚಿಕೆ.

11 ನವೆಂಬರ್ 1997

ನ್ಯಾಷನಲ್ಸ್. ಮಣಿಪುರದ ಹುಡುಗಿಯರ ಮೇಲೆ ಗೋಲು ಹೊಡೆದೆ. ಎಡಗಾಲಲ್ಲಿ, ಹದಿನೆಂಟು ಗಜದಿಂದ. ನಾಲ್ಕು-ಒಂದರಲ್ಲಿ ಸೋತರೂ ಪೇಪರಿನವರು ಫೋಟೋ ಹಾಕಿದ್ದಾರೆ. ಇಂಡಿಯಾ ಕ್ಯಾಂಪಿಗೆ ಹೆಸರು ಹೋಗಬಹುದು ಎನ್ನುತ್ತಿದ್ದಾರೆ. ಎಲ್ಲರೂ ಬಂದು ತಬ್ಬಿಕೊಂಡರು. ಅಷ್ಟು ಹೊತ್ತೂ ಒಂದೇ ಯೋಚನೆ: ಮೂರು ವರ್ಷ ಗೋಡೆಗೆ ಗುದ್ದಿ ನಾನು ಕಲಿತದ್ದು ಅವಳಿಗೆ ಹಣ್ಣು ಬಿಡಿಸಿ ಬಂದ ಸುಸ್ತಿನಲ್ಲಿ ಬರುತ್ತಿತ್ತು.

20 ಫೆಬ್ರವರಿ 1999

ಬಲ ಮಂಡಿ. ಹತ್ತಿರ ಯಾರೂ ಇರಲಿಲ್ಲ. ತಿರುಗಿದೆ, ಒಳಗೆ ಟಪ್ ಎಂದಿತು. ಒಳಗಿನ ಲಿಗಮೆಂಟ್ ಹರಿದಿದೆ, ಇನ್ನು ಆಡುವ ಮಾತಿಲ್ಲ ಎಂದರು ಡಾಕ್ಟರು. ಇಂಡಿಯಾ ಕ್ಯಾಂಪಿಗೆ ಹನ್ನೆರಡು ದಿನವಿತ್ತು.

ಅಜ್ಜಿ ಕೇಳಿದರು, ಯಾರ ಕಣ್ಣು ಬಿತ್ತೋ. ಕಣ್ಣಲ್ಲ ಅಜ್ಜಿ. ಮಾಡಿದ್ದುಣ್ಣೋ ಮಹರಾಯ.

ಎರಡು ದಿನ ಅತ್ತೆ. ಅಳುವುದಕ್ಕಾದರೂ ನನಗೆ ಹಕ್ಕಿದೆಯೇ ಎಂದುಕೊಂಡು ಮತ್ತೂ ಅತ್ತೆ.

9 ಜುಲೈ 2003, ಕಳಸ

ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿ ಎರಡು ವರ್ಷ. ನಾನೀಗ ಪಿ.ಟಿ. ಟೀಚರ್. ಸೀಟಿ, ಕುಂಟು ನಡಿಗೆ, ಮಳೆ ಬಂದರೆ ಮಂಡಿ ನೋವು — ಇಲ್ಲಿ ಮಳೆ ಬಾರದ ದಿನ ಯಾವುದು. ಈ ಊರೇ ಸಿಕ್ಕಿತಲ್ಲ ಎಂದು ಮೊದಲು ಹೆದರಿದ್ದೆ. ಸಂತೆಯಲ್ಲಿ ಯಾರದಾದರೂ ಬೆನ್ನು ಭಾಗಿಯ ಹಾಗೆ ಕಂಡರೆ ಅಂಗಡಿಯೊಳಗೆ ಹೋಗಿ ನಿಲ್ಲುತ್ತೇನೆ.

ವಿಷ್ಣುಮೂರ್ತಿ ಸರ್ ಹೋಗಿಬಿಟ್ಟರಂತೆ. ಅಪ್ಪ ಫೋನ್ ಮಾಡಿದ್ದರು. ಅಪ್ಪನಿಗೆ ಆ ನೆನಪು ಬೇಡ. ಆ ಕಾಗದ ಯಾಕೆ ಬಂತು ಎಂದು ಹೇಳಬಲ್ಲವಳು ಇನ್ನು ನಾನೊಬ್ಬಳೇ.

25 ಫೆಬ್ರವರಿ 2008

ಆರನೇ ಕ್ಲಾಸಿಗೆ ಹೊಸ ಹುಡುಗಿ, ರಕ್ಷಾ. ಮನೆಯವರು ಎಸ್ಟೇಟ್ ಬದಲಾಯಿಸಿ ಹತ್ತಿರ ಬಂದಿದ್ದಾರಂತೆ. ಚೆಂಡು ಕೊಟ್ಟೆ, ಒದ್ದಳು. ಬಲಗಾಲು, ಸಾಧಾರಣ. ಆದರೆ ಆಟ ಮುಗಿದರೂ ಮನೆಗೆ ಹೋಗುವುದಿಲ್ಲ. ಇವತ್ತು ಹತ್ತಿರ ಬಂದು ನಿಂತಳು.

"ಮಿಸ್, ನೀವು ಹಾಸನದಲ್ಲಿ ಎರಡು ಗೋಲು ಹೊಡ್ದಿದ್ರಂತೆ ಹೌದಾ? ಒಂದು ಅಷ್ಟು ದೂರದಿಂದ, ಎಡಗಾಲಲ್ಲಿ."

ಸೀಟಿ ಬಾಯಲ್ಲೇ ಇತ್ತು.

"ಯಾರು ಹೇಳಿದ್ರು?"

"ಅಮ್ಮ. ಭಾಗಮ್ಮ ಅಂತ, ನಿಮ್ಮ ತೋಟದಲ್ಲಿ ಇದ್ರಂತಲ್ಲ. ಮೈಕಲ್ಲಿ ನಿಮ್ಮ ಹೆಸ್ರು ಕೂಗಿದ್ರಂತೆ. ಅಮ್ಮನೂ ಬಂದಿದ್ರಂತೆ ಆವತ್ತು. ಹೊರಗೆ ಹೋದ ಚೆಂಡು ಹೆಕ್ಕಿ ಕೊಡಾಕೆ."

ಚೆಂಡು ಹೆಕ್ಕಿ ಕೊಡಲು.

ಹೌದು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ. ಹೌದು ಎಂದಿರುತ್ತೇನೆ. ನನಗೆ ಅಭ್ಯಾಸ.

28 ಫೆಬ್ರವರಿ

ಶಾಲೆಗೆ ರಜ ಹಾಕಿದೆ. ಮಂಡಿ ನೋವೆಂದು ಬರೆದೆ. ಮಂಡಿ ಚೆನ್ನಾಗಿದೆ. ಭಾನುವಾರ ಹೋಗುತ್ತೇನೆ. ಹೋಗದಿದ್ದರೆ ಈ ಪುಸ್ತಕ ಒಲೆಗೆ ಹಾಕಬೇಕು.

2 ಮಾರ್ಚ್ 2008, ಭಾನುವಾರ, ಮಧ್ಯಾಹ್ನ

ಹೋಗಿ ಬಂದೆ.

ಲೈನ್ ಮನೆಯ ಮುಂದೆ ಚಾಪೆ ಹಾಸಿ, ಗೂಟ ಹಿಡಿದುಕೊಂಡು ಕಾಳುಮೆಣಸಿನ ಗೊನೆ ತುಳಿದು ಕಾಳು ಉದುರಿಸುತ್ತಿದ್ದಳು. ಮೂವತ್ತಕ್ಕೆ ಅರ್ಧ ತಲೆ ಬೆಳ್ಳಗೆ. ನನ್ನನ್ನು ನೋಡಿ ಗುರುತು ಹಿಡಿದದ್ದು ತಕ್ಷಣ. "ಸಣ್ಣಮ್ಮೋರೆ, ಕಾಲು ಹಿಂಗಾಯ್ತಾ ನಿಮ್ದು?" ಎಂದು ನನ್ನ ಮಂಡಿಗೆ ಮರುಗಿದಳು. ಕುರ್ಚಿ ಇರಲಿಲ್ಲ, ಮೂಟೆ ಸರಿಸಿ ಕೂರಿಸಿದಳು. ರಕ್ಷಾ ನೀರಿಗೆ ಹೋಗಿದ್ದಳು.

ಜೋಡಿಸಿಕೊಂಡ ಮಾತು ಯಾವುದೂ ಬರಲಿಲ್ಲ. ನೇರ ಹೇಳಿದೆ. ಆ ಕ್ಯಾಂಪಿನ ಕಾಗದ ಹಾಸನದ ಪಂದ್ಯ ನೋಡಿ ಬಂದದ್ದು. ನಿನ್ನ ಗೋಲು ನೋಡಿ. ಹೈಸ್ಕೂಲಿನವರನ್ನ ಹಾಗೇ ಕರೀತಾರೆ ಎಂದದ್ದು ಸುಳ್ಳು. ಗೊತ್ತಿದ್ದೇ ಹೋದೆ. ಈ ಕೆಲಸವೂ ಅದರಿಂದಲೇ.

ತುಳಿಯುತ್ತಲೇ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕಾಲು ನಿಂತಿತು.

"ಅವ್ರು ನೋಡಿದ್ರಾ ಹಂಗಾರೆ?"

"ನೋಡಿದ್ರು."

"ಯಾವ್ದು? ದೂರದಿಂದ ಹೊಡ್ದಿದ್ದಾ?"

"ಅದೇ."

"ನಾನು, ಅಷ್ಟೊತ್ತಿಗೆ ಸೋತಿದ್ವಲ್ಲ, ಯಾರೂ ನೋಡ್ಲಿಲ್ಲ ಅಂದ್ಕಂಡಿದ್ದೆ." ಚಾಪೆಯ ಮೇಲೆಯೇ ಕುಳಿತಳು. ಅಂಗಾಲಿಗೆ ಅಂಟಿದ ಮೆಣಸನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಹೇಳಿದಳು, "ರಕ್ಷಂಗೆ ಹೇಳ್ಬ್ಯಾಡಿ. ಅಷ್ಟು ಬರ್ತಿದ್ದೋಳು ಮೆಣಸು ಯಾಕೆ ತುಳೀತೀಯ ಅಂತ ಕೇಳ್ತಾಳೆ. ನಾನೇನು ಹೇಳ್ಲಿ."

ಚಾಪೆಯಾಚೆ ಉರುಳಿದ ಕಾಳು ಹೆಕ್ಕಿ ಅವಳ ಮುಂದೆ ಹಾಕಿದೆ.

"ಏನಂದ್ರು ಅವ್ರು?"

ಕೋಚ್ ಮೇಡಂ ಹೇಳಿದ್ದನ್ನು ಹೇಳಿದೆ. ಹದಿನೈದು ವರ್ಷದಲ್ಲಿ ಅಂಥ ಎಡಗಾಲು ನೋಡಿಲ್ಲ ಎಂದರು, ಎಲ್ಲರೆದುರು.

"ಇನ್ನೊಂದ್ಸಲ ಹೇಳಿ."

ಹೇಳಿದೆ. ಸೆರಗು ಬಾಯಿಗೆ ಒತ್ತಿ ಹಿಡಿದುಕೊಂಡು, ನನ್ನನ್ನು ನೋಡದೆ, ಮತ್ತೆ ಹೇಳಿ ಎಂದು ಕೈಸನ್ನೆ ಮಾಡಿದಳು. ಮೂರನೇ ಸಲ ಶುರು ಮಾಡಿದೆ, ಹದಿನೈದು ವರ್ಷದಿಂದ — ಮುಂದಕ್ಕೆ ನನ್ನ ಕೈಲಿ ಹೇಳಲಾಗಲಿಲ್ಲ.